ಇಡಗುಂದಿಯ ದಾರಿ, ಇಟಲಿಯ ಗಾಡಿ

ಯಲ್ಲಾಪುರದಿಂದ ಅಂಕೋಲೆಯತ್ತ ಹೊರಟ ಗಾಡಿ ಇಡಗುಂದಿಗೆ ಬಂತೆಂದರೆ ಚಾಲಕ ಕೂತಲ್ಲೇ ಒಮ್ಮೆ ನೆಟ್ಟಗಾಗುತ್ತಾನೆ. ಅಲ್ಲಿಯವರೆಗಿನ ರಸ್ತೆ ಮಲೆನಾಡಿನ ಸಾಧಾರಣ ಏರಿಳಿತದ್ದು. ಕಾಡಿನ ನೆರಳು, ನಡುನಡುವೆ ಗದ್ದೆ, ಕಣಿವೆಯ ತಂಪಿನಲ್ಲಿ ಅಡಗಿ ಕುಳಿತ ಅಡಿಕೆ ತೋಟ. ಇಡಗುಂದಿ ಕಳೆದ ಮೇಲೆ ನೆಲವೇ ಕಡಲಿನ ಕಡೆಗೆ ವಾಲಿಕೊಳ್ಳುತ್ತದೆ. ಅರಬೈಲ್ ಘಟ್ಟ ಶುರುವಾಗುತ್ತದೆ. ಕೆಳಗಿನಿಂದ ಬರುವವರದು ಇದಕ್ಕೆ ತಿರುಗುಮುರುಗು. ತಿರುವು ತಿರುವಿಗೂ ಏದುಸಿರು ಬಿಡುತ್ತ ಏರಿ ಬಂದ ಲಾರಿ, ಇಡಗುಂದಿ ಹತ್ತಿರವಾದಾಗ ಗೇರು ಬದಲಿಸುವ ಸದ್ದು 'ಅಬ್ಬ, ಬಂದೆ' ಎಂದಂತೆ ಕೇಳಿಸುತ್ತದೆ.

ಹೆಸರಿಗೆ ಇದು ರಾಷ್ಟ್ರೀಯ ಹೆದ್ದಾರಿ 52. ಪಂಜಾಬಿನ ಸಂಗರೂರಿನಲ್ಲಿ ಹುಟ್ಟಿ, ಅರ್ಧ ಭಾರತ ದಾಟಿ, ಅಂಕೋಲೆಯಲ್ಲಿ ಮುಗಿಯುವ ದಾರಿ. ಈ ಭಾಗದ ಜನರ ಬಾಯಲ್ಲಿ ಮಾತ್ರ ಹಳೆಯ ಸಂಖ್ಯೆ 63 ಇನ್ನೂ ಅಳಿದಿಲ್ಲ. ಮಾಗೋಡಿನಲ್ಲಿ ಧುಮುಕಿದ ಬೇಡ್ತಿ ಹೊಳೆ ಘಟ್ಟದ ಬುಡದಲ್ಲಿ ಗಂಗಾವಳಿಯೆಂಬ ಹೆಸರು ಹೊತ್ತು ಕಡಲಿಗೆ ನಡೆಯುತ್ತದೆ. ರಸ್ತೆಯೂ ಅದೇ ಹೊಳೆಯ ಜಾಡು ಹಿಡಿದು ಅಂಕೋಲೆ ಸೇರುತ್ತದೆ.

ಘಟ್ಟ ಇಳಿಯುವ ದಾರಿಗಳು ಈ ಜಿಲ್ಲೆಯಲ್ಲಿ ಯಾವತ್ತೂ ವ್ಯಾಪಾರದ ದಾರಿಗಳೇ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದಾಗ, ಬ್ರಿಟಿಷರ ಕಣ್ಣು ಇದ್ದದ್ದು ಹುಬ್ಬಳ್ಳಿ–ಧಾರವಾಡ ಸೀಮೆಯ ಹತ್ತಿಯ ಮೇಲೆ, ಕಾರವಾರ ಬಂದರಿನ ಮೇಲೆ. ಅಮೆರಿಕದ ಅಂತರ್ಯುದ್ಧದಿಂದ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿ ಸಿಗದಾಗಿತ್ತು. ಘಟ್ಟದ ಕಾಲುದಾರಿಗಳು ಎತ್ತಿನ ಗಾಡಿಯ ದಾರಿಗಳಾದದ್ದು ಆ ಕಾಲದ ಅವಸರದಲ್ಲಿ. ಮುಂದೆ ಹತ್ತಿಯ ಕಾಲ ಹೋಯಿತು. ಬಳ್ಳಾರಿ–ಹೊಸಪೇಟೆಯ ಅದಿರಿನ ಲಾರಿಗಳ ಕಾಲ ಬಂದು, 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಷೇಧಿಸಿದ ಮೇಲೆ ಅದೂ ಹೋಯಿತು. ಈಗ ಮೇಲಿನಿಂದ ತರಕಾರಿ ಇಳಿಯುತ್ತದೆ, ಕೆಳಗಿನಿಂದ ಮೀನು ಏರುತ್ತದೆ. ನಡುವೆ ಸಾರಿಗೆ ಸಂಸ್ಥೆಯ ಬಸ್ಸುಗಳು, ಗೋಕರ್ಣದ ಯಾತ್ರಿಕರ ವ್ಯಾನುಗಳು, ರಜೆಯಲ್ಲಿ ಊರಿಗೆ ಬರುವವರ ಕಾರುಗಳು.

ಈ ಲೇಖನ ಅಂಥ ಒಂದು ಕಾರಿನ ಕುಲಗೋತ್ರದ ಕುರಿತು.

ಒದ್ದೆ ಬಟ್ಟೆಯ ವಿಜ್ಞಾನ

1983ರಲ್ಲಿ ಮಾರುತಿ ಬರುವವರೆಗೆ ನಮ್ಮ ರಸ್ತೆಗಳಲ್ಲಿ ಕಾರು ಎಂದರೆ ಮುಖ್ಯವಾಗಿ ಎರಡೇ ಹೆಸರು. ಒಂದು ಅಂಬಾಸಿಡರ್, ಇನ್ನೊಂದು ಫಿಯೆಟ್. ಅಂಬಾಸಿಡರ್ ಹೊಟ್ಟೆ ತುಂಬಿದ ಯಜಮಾನರಂತೆ ಗಂಭೀರ. ಫಿಯೆಟ್ ಮೈಯಲ್ಲಿ ಚಿಕ್ಕದು, ಚುರುಕು. ಅದರ ಗೇರಿನ ಕೋಲು ನೆಲದ ಮೇಲಿರದೆ ಸ್ಟೀರಿಂಗ್ ಚಕ್ರದ ಕೆಳಗಿರುತ್ತಿತ್ತು. ಮುಂದಿನ ಸೀಟು ಬೆಂಚಿನ ಹಾಗೆ ಒಂದೇ ಉದ್ದ. ಹಾಗಾಗಿ ನಾಲ್ಕು ಜನರ ಕಾರಿನಲ್ಲಿ ಆರೇಳು ಜನ, ಮಡಿಲಲ್ಲಿ ಮಕ್ಕಳು, ಡಿಕ್ಕಿಯಲ್ಲಿ ಬಾಳೆಗೊನೆ ಸೇರಿದರೂ ಯಾರೂ ಆಶ್ಚರ್ಯಪಡುತ್ತಿರಲಿಲ್ಲ.

ಇಂಥ ಭಾರ ಹೊತ್ತು ಉರಿಬಿಸಿಲಿನಲ್ಲಿ ಘಟ್ಟ ಏರುವಾಗ ಫಿಯೆಟ್ ಕೆಲವೊಮ್ಮೆ ನಡುದಾರಿಯಲ್ಲಿ ಮುನಿಸಿಕೊಳ್ಳುತ್ತಿತ್ತು. ಎಂಜಿನ್ ಕೆಮ್ಮಿ ನಿಂತುಬಿಡುತ್ತಿತ್ತು. ಅನುಭವಸ್ಥ ಚಾಲಕರು ಗಾಬರಿಯಾಗದೆ ಬಾನೆಟ್ ಎತ್ತಿ, ಒಂದು ಬಟ್ಟೆಯನ್ನು ನೀರಿನಲ್ಲಿ ಅದ್ದಿ ಪೆಟ್ರೋಲ್ ಪಂಪಿನ ಮೇಲೆ ಸುತ್ತಿ ಕಾಯುತ್ತಿದ್ದರು. ಹತ್ತು ನಿಮಿಷದಲ್ಲಿ ಗಾಡಿ ಮತ್ತೆ ಸಿದ್ಧ. ನೋಡುವವರಿಗೆ ಇದು ಜ್ವರಕ್ಕೆ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಿದಂತೆ.

ಇದರಲ್ಲಿರುವುದು ಪ್ರೌಢಶಾಲೆಯ ಭೌತಶಾಸ್ತ್ರವೇ. ಹಳೆಯ ಕಾರುಗಳಲ್ಲಿ ಪೆಟ್ರೋಲನ್ನು ಟ್ಯಾಂಕಿನಿಂದ ಎಳೆದು ಕಾರ್ಬುರೇಟರಿಗೆ ಕೊಡುವ ಪಂಪು ಎಂಜಿನ್ನಿಗೇ ಅಂಟಿಕೊಂಡಿರುತ್ತಿತ್ತು. ಎಂಜಿನ್ ಬಹಳ ಕಾದಾಗ ಪಂಪಿನೊಳಗಿನ ಪೆಟ್ರೋಲ್ ಅಲ್ಲೇ ಆವಿಯಾಗುತ್ತದೆ. ದ್ರವವನ್ನು ತಳ್ಳಬಲ್ಲ ಪಂಪು ಆವಿಯನ್ನು ತಳ್ಳಲಾರದು. ಆವಿ ಸುಮ್ಮನೆ ಕುಗ್ಗಿ ಹಿಗ್ಗುತ್ತದೆ, ಅಷ್ಟೇ. ಒದ್ದೆ ಬಟ್ಟೆಯ ನೀರು ಆರುವಾಗ ಪಂಪಿನ ಶಾಖವನ್ನು ಎಳೆದುಕೊಳ್ಳುತ್ತದೆ. ಆವಿ ಮರಳಿ ಪೆಟ್ರೋಲ್ ಆಗುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಿರುವುದೂ ಇದೇ ಕಾರಣಕ್ಕೆ. ಶಾಲೆಯ ಮೆಟ್ಟಿಲು ಹತ್ತದ ಎಷ್ಟೋ ಮೆಕ್ಯಾನಿಕರಿಗೆ ಈ ಪಾಠ ಕೈಯಿಂದಲೇ ಗೊತ್ತಿತ್ತು.

1089ರ ಲೆಕ್ಕ

ಹೀಗೆ ಎತ್ತಿದ ಬಾನೆಟ್ಟಿನ ಕೆಳಗೆ ಕಾಣುತ್ತಿದ್ದುದು ನಾಲ್ಕು ಸಿಲಿಂಡರಿನ, 1089 ಸಿಸಿಯ ಎಂಜಿನ್. ಈ ಸಂಖ್ಯೆಯನ್ನು ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಿ ನೋಡಬಹುದು. ಸಿಲಿಂಡರಿನ ಒಳವ್ಯಾಸ 68 ಮಿಲಿಮೀಟರ್. ಅದರೊಳಗೆ ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ 75 ಮಿಲಿಮೀಟರ್. ವೃತ್ತದ ವಿಸ್ತೀರ್ಣವನ್ನು ಎತ್ತರದಿಂದ ಗುಣಿಸಿ, ಮತ್ತೆ ನಾಲ್ಕರಿಂದ ಗುಣಿಸಿದರೆ 1089 ಘನ ಸೆಂಟಿಮೀಟರ್ ಬರುತ್ತದೆ.

ಸ್ವಾರಸ್ಯವಿರುವುದು ಈ ಅಳತೆಯ ವಯಸ್ಸಿನಲ್ಲಿ. ಇಟಲಿಯ ಟ್ಯೂರಿನ್ ನಗರದ ಫಿಯೆಟ್ ಕಾರ್ಖಾನೆ 1937ರಲ್ಲಿ '508 ಸಿ' ಎಂಬ ಸಣ್ಣ ಕಾರನ್ನು ಹೊರತಂದಿತು. ಅದರ ಎಂಜಿನ್ನಿನ ಅಳತೆಯೂ 68, 75. ಅದೂ 1089 ಸಿಸಿ. ಶಕ್ತಿ 32 ಅಶ್ವಶಕ್ತಿ. ಅದರ ಹಿಂದಿದ್ದ ತಲೆ ದಾಂತೆ ಜಾಕೋಸಾ ಎಂಬ ಎಂಜಿನಿಯರನದು. ಸಾಧಾರಣ ಮನೆಯವರಿಗೆಂದು ಮಾಡಿದ ಈ ಎಂಜಿನ್, ಮಾಡಿದವರೇ ಎಣಿಸದಷ್ಟು ಗಟ್ಟಿಯಾಗಿತ್ತು. ಮರುವರ್ಷವೇ ಫಿಯೆಟ್ ಅದರ ಮೇಲೆ ಗಾಳಿಯನ್ನು ಸೀಳಿ ಹೋಗುವ ಆಕಾರದ ಹೊದಿಕೆ ಹಾಕಿ ಒಂದು ರೇಸ್ ಕಾರನ್ನೂ ಮಾಡಿತು. 1947ರಲ್ಲಿ ಚಿಸಿತಾಲಿಯಾ ಎಂಬ ಸಣ್ಣ ಕಂಪನಿ ಇದೇ ಎಂಜಿನ್ ಇಟ್ಟು ಕಟ್ಟಿದ ಕಾರಿನಲ್ಲಿ, ಇಟಲಿಯ ಹೆಸರಾಂತ ಚಾಲಕ ತಾಜಿಯೊ ನುವೊಲಾರಿ ದೊಡ್ಡ ದೊಡ್ಡ ಕಾರುಗಳನ್ನು ಹಿಂದೆ ಹಾಕಿ 'ಮಿಲ್ಲೆ ಮಿಲ್ಯಾ' ಸ್ಪರ್ಧೆಯಲ್ಲಿ ಎರಡನೆಯವನಾದ. ಅದೇ ಕಂಪನಿಯ '202' ಮಾದರಿಯನ್ನು 1951ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಕಲಾಕೃತಿಯೆಂದು ಪ್ರದರ್ಶನಕ್ಕಿಟ್ಟಿತು.

ಚಿಸಿತಾಲಿಯಾದ ಕಾರುಗಳಿಗೂ ಮೊದಲು, 1940ರಲ್ಲಿ, ಈ ಎಂಜಿನ್ನಿನ ಮನೆತನದಿಂದ ಇನ್ನೊಂದು ಕಾರು ಹುಟ್ಟಿತ್ತು. ಅದು ಎಂಜೊ ಫೆರಾರಿ ತಾನೇ ಮುಂದೆ ನಿಂತು, ಸ್ವಂತ ಕಾರ್ಖಾನೆಯಲ್ಲಿ ಕಟ್ಟಿಸಿದ ಮೊದಲ ಕಾರು!

ಹೆಸರಿಲ್ಲದ ಫೆರಾರಿ

ಇಂದು ಮಕ್ಕಳ ಆಟಿಕೆಯಲ್ಲೂ ಕಾಣುವ ಆ ಹೆಸರು ಮೊದಲ ಕಾರಿನ ಮೇಲೆ ಇರಲಿಲ್ಲ. ಫೆರಾರಿ ಅದಕ್ಕೂ ಮೊದಲು ಆಲ್ಫಾ ರೋಮಿಯೊ ಕಂಪನಿಯ ರೇಸ್ ತಂಡವನ್ನು ನಡೆಸುತ್ತಿದ್ದವನು. ಅಲ್ಲಿಂದ ಬಿಟ್ಟು ಬರುವಾಗ, ನಾಲ್ಕು ವರ್ಷ ತನ್ನ ಹೆಸರಿನಲ್ಲಿ ರೇಸಿಗೆ ಇಳಿಯಬಾರದೆಂಬ ಕರಾರಿಗೆ ಒಪ್ಪಿದ್ದ. ಹೀಗಾಗಿ ತನ್ನ ಊರಾದ ಮೊಡೆನಾದಲ್ಲಿ ತೆರೆದ ಕಾರ್ಖಾನೆಗೆ 'ಆಟೊ ಆವಿಯೊ ಕೊಸ್ತ್ರುತ್ಸಿಯೋನಿ' ಎಂದು ಹೆಸರಿಟ್ಟ. ಮೋಟಾರು, ವಿಮಾನದ ಭಾಗಗಳನ್ನು ತಯಾರಿಸುವ ಸಂಸ್ಥೆ ಎಂದಷ್ಟೇ ಅದರ ಅರ್ಥ.

1939ರ ಕೊನೆಯಲ್ಲಿ ಇಬ್ಬರು ತರುಣರು ಅವನಲ್ಲಿಗೆ ಬಂದರು. ಒಬ್ಬ ಮೊಡೆನಾದ ಸಿರಿವಂತ ಮನೆತನದ ಲೊತಾರಿಯೊ ರಂಗೋನಿ. ಇನ್ನೊಬ್ಬ ಆಲ್ಬರ್ಟೊ ಅಸ್ಕಾರಿ. ಈತನ ತಂದೆ ಅಂತೋನಿಯೊ ಅಸ್ಕಾರಿ ದೊಡ್ಡ ಹೆಸರಿನ ರೇಸ್ ಚಾಲಕ. 1925ರಲ್ಲಿ ಫ್ರಾನ್ಸಿನ ಸ್ಪರ್ಧೆಯೊಂದರಲ್ಲಿ ತೀರಿಕೊಂಡಿದ್ದ. ಆಗ ಮಗನಿಗೆ ಏಳು ವರ್ಷ. ಮುಂದಿನ ಏಪ್ರಿಲ್‌ನಲ್ಲಿ ನಡೆಯಲಿದ್ದ ಸ್ಪರ್ಧೆಗೆ ತಮಗೊಂದೊಂದು ಕಾರು ಮಾಡಿಕೊಡಬೇಕೆಂದು ಇಬ್ಬರೂ ಕೇಳಿದರು. ಕೈಯಲ್ಲಿದ್ದುದು ನಾಲ್ಕೇ ತಿಂಗಳು.

ಹೊಸ ಎಂಜಿನ್ನನ್ನು ಬುಡದಿಂದ ಮಾಡುವಷ್ಟು ಸಮಯವಿಲ್ಲ. ಎಂಜಿನಿಯರ್ ಆಲ್ಬರ್ಟೊ ಮಾಸಿಮಿನೊ ಪೇಟೆಯಲ್ಲಿ ಸುಲಭವಾಗಿ ಸಿಗುತ್ತಿದ್ದ ಫಿಯೆಟ್ 508 ಸಿ ಕಾರನ್ನೇ ಆಧಾರವಾಗಿ ಹಿಡಿದ. ನಾಲ್ಕು ಸಿಲಿಂಡರಿನ ಎರಡು ಫಿಯೆಟ್ ತಲೆಗಳನ್ನು ಸಾಲಾಗಿ ಇಟ್ಟರೆ ಎಂಟು ಸಿಲಿಂಡರಾಯಿತು! ಅದರ ಕೆಳಗಿನ ಭಾಗವನ್ನು ಮಾತ್ರ ಬೊಲೋನ್ಯಾ ನಗರದಲ್ಲಿ ಅಲ್ಯೂಮಿನಿಯಮ್ಮಿನಲ್ಲಿ ಬೇರೆಯಾಗಿ ಎರಕ ಹೊಯ್ಸಲಾಯಿತು.

ಇಲ್ಲಿ ಮತ್ತೊಂದು ಲೆಕ್ಕವಿದೆ. 1089ರ ಎರಡು ಎಂಜಿನ್ ಸೇರಿದರೆ 2178 ಸಿಸಿ ಆಗಬೇಕಲ್ಲವೇ? ಆದರೆ ಸ್ಪರ್ಧಿಸಬೇಕಾಗಿದ್ದುದು 1500 ಸಿಸಿಯೊಳಗಿನ ವರ್ಗದಲ್ಲಿ. ಹಾಗಾಗಿ ಒಳವ್ಯಾಸವನ್ನು 63ಕ್ಕೆ, ಪಿಸ್ಟನ್ನಿನ ಓಟವನ್ನು 60 ಮಿಲಿಮೀಟರಿಗೆ ಇಳಿಸಿದರು. ಬಂದದ್ದು 1496 ಸಿಸಿ. ಮಿತಿಗೆ ಇನ್ನು ನಾಲ್ಕೇ ಬಾಕಿ! ಎಂಟು ಸಿಲಿಂಡರ್, ಒಂದೂವರೆ ಲೀಟರ್ ಎಂಬ ಅರ್ಥದಲ್ಲಿ ಕಾರಿಗೆ '815' ಎಂಬ ಹೆಸರು ಬಂತು. ಮಿಲಾನಿನ ಟೂರಿಂಗ್ ಕಂಪನಿ ಅದಕ್ಕೆ ಹಗುರ ಲೋಹದ ಹೊದಿಕೆ ಮಾಡಿಕೊಟ್ಟಿತು. ಇಡೀ ಹೊರಮೈಯ ತೂಕ 54 ಕಿಲೋ, ಅಂದರೆ ಒಂದು ಚೀಲ ಅಡಿಕೆಯಷ್ಟು. ಎಂಜಿನ್ನಿನ ಶಕ್ತಿ 75 ಅಶ್ವಶಕ್ತಿ. ವೇಗ ಗಂಟೆಗೆ ಸುಮಾರು 170 ಕಿಲೋಮೀಟರ್.

ಗೆಲ್ಲದ ಓಟ

ಅಸ್ಕಾರಿ ಮತ್ತು ರಂಗೋನಿ ಎದುರು ನೋಡುತ್ತಿದ್ದುದು ಮಿಲ್ಲೆ ಮಿಲ್ಯಾದ ಓಟ. ಹಾಗೆಂದರೆ ಸಾವಿರ ಮೈಲಿ. 1927ರಲ್ಲಿ ಶುರುವಾದ ಈ ಸ್ಪರ್ಧೆಗೆ ಬೇರೆ ಮೈದಾನವಿರಲಿಲ್ಲ. ಬ್ರೆಷಿಯಾ ನಗರದಿಂದ ರೋಮಿಗೆ ಹೋಗಿ ಬೇರೆ ದಾರಿಯಿಂದ ಮರಳುವ, ಊರೂರಿನ ಬೀದಿ, ಬೆಟ್ಟದ ತಿರುವು, ಹೊಳೆಯ ಸೇತುವೆಗಳ ಮೇಲೆಯೇ ನಡೆಯುವ ಓಟ ಅದು. ಜನ ರಸ್ತೆಯ ಅಂಚಿನಲ್ಲಿ ಜಾತ್ರೆಯ ತೇರು ನೋಡುವಂತೆ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಲ್ಲುತ್ತಿದ್ದರು. 1938ರಲ್ಲಿ ಬೊಲೋನ್ಯಾದಲ್ಲಿ ಒಂದು ಕಾರು ಹತೋಟಿ ತಪ್ಪಿ ಜನರ ಮೇಲೆ ಹರಿಯಿತು. ಸತ್ತವರು 10 ಮಂದಿ. ಅವರಲ್ಲಿ ಏಳು ಮಕ್ಕಳು. ಸರ್ಕಾರ ಓಟವನ್ನು ನಿಷೇಧಿಸಿತು.

ಎರಡು ವರ್ಷದ ನಂತರ ರೋಮಿನ ದಾರಿಯನ್ನು ಬಿಟ್ಟು, ಬ್ರೆಷಿಯಾ–ಕ್ರೆಮೋನಾ–ಮಾಂತುವಾ ನಡುವಿನ ತ್ರಿಕೋನದ ರಸ್ತೆಯನ್ನು ಮುಚ್ಚಿ ಒಂಬತ್ತು ಸುತ್ತಿನ ಓಟಕ್ಕೆ ಅನುಮತಿ ಕೊಟ್ಟರು. 1940ರ ಏಪ್ರಿಲ್ 28ರಂದು ಎರಡೂ 815 ಕಾರುಗಳು ಅಲ್ಲಿ ಗೆರೆಯ ಮೇಲೆ ನಿಂತವು. ತಮ್ಮ ವರ್ಗದಲ್ಲಿ ಅಸ್ಕಾರಿಯೇ ಮೊದಲು ಮುಂದೆ ಹೋದ. ಸ್ವಲ್ಪದರಲ್ಲೇ ಎಂಜಿನ್ ಕೈಕೊಟ್ಟಿತು. ಬಳಿಕ ರಂಗೋನಿ ಮುಂದಾದ. ಬಹುಪಾಲು ಓಟದಲ್ಲಿ ತನ್ನ ವರ್ಗವನ್ನು ಆಳಿದ. ಕೊನೆಯ ಸುತ್ತುಗಳು ಹತ್ತಿರವಾದಾಗ ಅವನ ಕಾರೂ ಕೆಟ್ಟು ನಿಂತಿತು. ಇಡೀ ಸ್ಪರ್ಧೆಯನ್ನು ಗೆದ್ದದ್ದು ಜರ್ಮನಿಯ ಬಿಎಂಡಬ್ಲ್ಯೂ. ನಾಲ್ಕು ತಿಂಗಳಲ್ಲಿ ಹುಟ್ಟಿದ ಎರಡು ಕಾರುಗಳಲ್ಲಿ ಒಂದೂ ಗುರಿ ಮುಟ್ಟಲಿಲ್ಲ. ಆರೇ ವಾರದಲ್ಲಿ, ಜೂನ್ 10ರಂದು, ಇಟಲಿ ಮಹಾಯುದ್ಧಕ್ಕೆ ಇಳಿಯಿತು. ಓಟಗಳೆಲ್ಲ ನಿಂತವು.

ಒಂದು ಉಳಿಯಿತು, ಒಂದು ಅಳಿಯಿತು

ಒಂದೇ ಕಾರ್ಖಾನೆಯಲ್ಲಿ, ಒಂದೇ ತಿಂಗಳಲ್ಲಿ ಹುಟ್ಟಿದ ಅವಳಿಗಳ ಹಣೆಬರಹ ಮುಂದೆ ಬೇರೆಬೇರೆಯಾಯಿತು.

ರಂಗೋನಿ ಯುದ್ಧಕಾಲದಲ್ಲಿ ತೀರಿಕೊಂಡ. ಒಡೆಯನಿಲ್ಲದ ಕಾರು ಕೊನೆಗೆ ಗುಜರಿ ಸೇರಿ ತುಂಡುತುಂಡಾಯಿತು. ಅದನ್ನು ಮುರಿದವರಿಗೆ ಅದೊಂದು ಹಳೆಯ, ಗೆಲ್ಲದ, ಹೆಸರಿಲ್ಲದ ಕಂಪನಿಯ ಗಾಡಿ. ತೂಕಕ್ಕೆ ಬೆಲೆ ಕಟ್ಟಿದರು.

ಅಸ್ಕಾರಿಯ ಕಾರು ಕೈಯಿಂದ ಕೈಗೆ ದಾಟಿತು. ಯುದ್ಧ ಮುಗಿದ ಮೇಲೆ ಎನ್ರಿಕೊ ಬೆಲ್‌ತ್ರಾಕಿನಿ ಎಂಬಾತ ಅದನ್ನು ಕೊಂಡು 1947ರಲ್ಲಿ ಮತ್ತೆ ಓಟಕ್ಕೆ ಇಳಿಸಿದ. ಬಳಿಕ ಅದು ಒಂದು ಸಂಗ್ರಹಾಲಯಕ್ಕೆ ಹೋಗಿ, ಅಲ್ಲಿಂದ ಹೊರಬಂದು, ಕೊನೆಗೆ ಮಾರಿಯೊ ರಿಗೀನಿಯ ಕೈ ಸೇರಿತು. ಈ ರಿಗೀನಿಯ ಮನೆತನದ ಕಸುಬು ಏನು ಗೊತ್ತೆ? ಹಳೆಯ ಕಾರು ಒಡೆಯುವ ಗುಜರಿ ವ್ಯಾಪಾರ! ಒಡೆಯಲು ಬಂದ ಗಾಡಿಗಳಲ್ಲಿ ಯಾವುದನ್ನು ಒಡೆಯಬಾರದು ಎಂಬುದನ್ನು ಗುರುತಿಸುವ ಕಣ್ಣು ಅವನಿಗಿತ್ತು. ಮೊಡೆನಾದ ಹತ್ತಿರದ ಪಂಜಾನೊ ಕೋಟೆಯಲ್ಲಿ ಅವನು ಕೂಡಿಸಿದ ಸಂಗ್ರಹದಲ್ಲಿ ಆ 815 ಉಳಿದುಕೊಂಡಿತು.

ಅಷ್ಟರಲ್ಲಿ ಕಾಲ ಬದಲಾಗಿತ್ತು. ಕರಾರಿನ ಅವಧಿ ಮುಗಿದ ಮೇಲೆ ಫೆರಾರಿ 1947ರಲ್ಲಿ ತನ್ನ ಹೆಸರಿನ ಮೊದಲ ಕಾರನ್ನು ಹೊರತಂದ. ಅಂದು ಕೆಟ್ಟ ಕಾರಿನಿಂದ ಇಳಿದು ಬಂದ ಅಸ್ಕಾರಿ 1952 ಮತ್ತು 1953ರಲ್ಲಿ ಫೆರಾರಿಯ ಕಾರಿನಲ್ಲೇ ವಿಶ್ವ ಚಾಂಪಿಯನ್ ಆದ. 1955ರ ಮೇ 26ರಂದು ಮೊಂಜಾ ಪಥದಲ್ಲಿ ಅಭ್ಯಾಸದ ಓಟದ ವೇಳೆ ಪ್ರಾಣ ಬಿಟ್ಟ. ತಂದೆಯಂತೆಯೇ ಅವನಿಗೂ ಆಗ 36 ವರ್ಷ. ಗೆಲ್ಲದ ಆ ಕಾರಿಗೆ ಇಂದು ಬೆಲೆ ಬಂದಿರುವುದು ಅದರ ವೇಗದಿಂದಲ್ಲ. ಯಾರು ಮಾಡಿದರು, ಯಾರು ಓಡಿಸಿದರು, ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬ ಕಥೆ ಕಡಿಯದೆ ಉಳಿದುಕೊಂಡದ್ದರಿಂದ.

ಕುರ್ಲಾದಿಂದ ಘಟ್ಟಕ್ಕೆ

ಇಟಲಿಯ ಆ ಎಂಜಿನ್ನಿನ ವಂಶ ನಮ್ಮ ರಸ್ತೆಗೆ ಬಂದದ್ದು ಮುಂಬಯಿಯ ಮೂಲಕ. ವಾಲ್‌ಚಂದ್ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯ ಕಾರ್ಖಾನೆ ಇದ್ದದ್ದು ಕುರ್ಲಾದಲ್ಲಿ. ಮೊದಲು ಅಮೆರಿಕದ ಕಾರುಗಳ ಜೋಡಣೆ. 1950ರ ದಶಕದಲ್ಲಿ ಫಿಯೆಟ್ ಜತೆ ಒಪ್ಪಂದ. 1964ರಲ್ಲಿ ಬಂದ 'ಫಿಯೆಟ್ 1100 ಡಿಲೈಟ್' ಎಂಬ ಮಾದರಿಯೇ 1970ರ ದಶಕದಲ್ಲಿ ಫಿಯೆಟ್ ಹೆಸರು ಕಳಚಿಕೊಂಡು 'ಪ್ರೀಮಿಯರ್ ಪದ್ಮಿನಿ' ಆಯಿತು. ಹೆಸರು ಬದಲಾದರೂ ಅಳತೆ ಅದೇ 68, 75. ಮುಂಬಯಿಯಲ್ಲಿ ಅದು ಕಪ್ಪು–ಹಳದಿ ಟ್ಯಾಕ್ಸಿ. ಮದ್ರಾಸಿನ ಬಳಿಯ ಶೋಲಾವರಂ ಹಳೆಯ ವಿಮಾನಪಟ್ಟಿಯಲ್ಲಿ ರೇಸ್ ಕಾರು. ಘಟ್ಟದ ದಾರಿಯಲ್ಲಿ ಡಾಕ್ಟರರ, ವಕೀಲರ, ತೋಟದವರ ಮನೆಯ ಕಾರು. ಹಣ ಕಟ್ಟಿ ವರ್ಷಗಟ್ಟಲೆ ಕಾದು ಪಡೆಯುತ್ತಿದ್ದ ಕಾರು.

2000ದ ಹೊತ್ತಿಗೆ ಪದ್ಮಿನಿಯ ತಯಾರಿಕೆ ನಿಂತಿತು. 2023ರ ಅಕ್ಟೋಬರ್ ಕೊನೆಯಲ್ಲಿ ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಯ ಅವಧಿ ಮುಗಿದಾಗ ಜನ ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು.

ಊರುಗಳ ಕಡೆ ಬೀಳ್ಕೊಡುಗೆಗೆ ಫೋಟೊದವರು ಬರುವುದಿಲ್ಲ. ಕೊಟ್ಟಿಗೆಯ ಪಕ್ಕದಲ್ಲೋ, ಅಡಿಕೆ ಅಟ್ಟದ ಕೆಳಗೋ ನಿಂತ ಹಳೆಯ ಗಾಡಿಯನ್ನು ಒಂದು ದಿನ ಗುಜರಿಯವನು ಎಳೆದುಕೊಂಡು ಹೋಗುತ್ತಾನೆ. 15 ವರ್ಷ ಮೀರಿದ ಕಾರಿನ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿದ ಮೇಲೆ ಈ ವಿದಾಯಗಳು ಸುಲಭವಾಗಿವೆ. ಹೊಗೆಯುಗುಳುವ ಗಾಡಿ ರಸ್ತೆಯಿಂದ ಇಳಿಯಬೇಕಾದದ್ದೇ, ಅದರಲ್ಲಿ ತಕರಾರಿಲ್ಲ. ಆದರೆ 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಇನ್ನೊಂದು ಬಾಗಿಲನ್ನೂ ತೆರೆದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪ ಕೆಡದ ವಾಹನಗಳನ್ನು ಪಾರಂಪರಿಕ ವಾಹನವೆಂದು 'ವಿಎ' ಅಕ್ಷರಗಳ ಪ್ರತ್ಯೇಕ ಸಂಖ್ಯೆಯಲ್ಲಿ ನೋಂದಾಯಿಸಬಹುದು. ದಿನನಿತ್ಯದ ಓಡಾಟಕ್ಕೆ ಅನುಮತಿಯಿಲ್ಲ. ಪ್ರದರ್ಶನ, ಸಂಶೋಧನೆ, ಹಳೆಯ ಕಾರುಗಳ ರ‍್ಯಾಲಿಗಳಿಗೆ ಒಯ್ಯಬಹುದು. 1960ರ ದಶಕದ ಡಿಲೈಟ್‌ಗಳು ಈಗಾಗಲೇ ಆ ವಯಸ್ಸು ದಾಟಿವೆ.

ಘಟ್ಟ ಮೈದಾನವಲ್ಲ

ರೇಸ್ ಕಾರಿನ ರಕ್ತ ಮನೆಯ ಕಾರಿನಲ್ಲೂ ಹರಿಯುತ್ತದೆ ಎಂದು ಕೇಳಿದಾಗ ಹುಡುಗರ ಕಾಲು ತಾನಾಗಿ ಆಕ್ಸಿಲರೇಟರಿನ ಮೇಲೆ ಹೋಗುವುದು ಸಹಜ. ಇದಕ್ಕೆ ಉತ್ತರವೂ ಇಟಲಿಯ ಕಥೆಯಲ್ಲೇ ಇದೆ. ಯುದ್ಧದ ನಂತರ ಮಿಲ್ಲೆ ಮಿಲ್ಯಾ ಮತ್ತೆ ಊರಿನ ರಸ್ತೆಗಳಿಗೆ ಮರಳಿತು. 1957ರ ಮೇ 12ರಂದು ಗುಯಿದಿತ್ಸೋಲೊ ಎಂಬ ಹಳ್ಳಿಯ ಬಳಿ ಫೆರಾರಿ ಕಾರಿನ ಟೈರ್ ಒಡೆಯಿತು. ಚಾಲಕ, ಜತೆಗಾರ ಇಬ್ಬರೂ ಸತ್ತರು. ನೋಡಲು ನಿಂತಿದ್ದ ಒಂಬತ್ತು ಮಂದಿ ಸತ್ತರು. ಅವರಲ್ಲಿ ಐದು ಮಕ್ಕಳು. ರಸ್ತೆಯ ಮೇಲಿನ ವೇಗದ ಓಟಕ್ಕೆ ಇಟಲಿ ಅಲ್ಲಿಗೆ ತೆರೆ ಎಳೆಯಿತು. 1977ರಿಂದ ಅದೇ ಹೆಸರಿನಲ್ಲಿ ಹಳೆಯ ಕಾರುಗಳು ಓಡುತ್ತಿವೆ. ಆದರೆ ಅಲ್ಲಿ ಗೆಲ್ಲುವುದು ಅತಿ ವೇಗದವನಲ್ಲ; ಗೊತ್ತುಮಾಡಿದ ಸಮಯವನ್ನು ಕರಾರುವಾಕ್ಕಾಗಿ ಪಾಲಿಸಿದವನು.

ಅರಬೈಲ್ ಘಟ್ಟಕ್ಕೆ ತನ್ನದೇ ದುಃಖಗಳಿವೆ. 2021ರ ಜುಲೈ ಮಳೆಯಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು. ಘಟ್ಟದ ಬುಡದ ಗುಳ್ಳಾಪುರದಲ್ಲಿ ಗಂಗಾವಳಿಯ ಸೇತುವೆ ಕೊಚ್ಚಿಹೋಯಿತು. 2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟೆಯ ಸಂತೆಗೆ ಹಣ್ಣು, ತರಕಾರಿ ತುಂಬಿಕೊಂಡು ಹೊರಟ ಲಾರಿ ಗುಳ್ಳಾಪುರದ ಬಳಿ ಘಟ್ಟದ ಕಂದಕಕ್ಕೆ ಉರುಳಿತು. ಸರಕಿನೊಡನೆ ಕೂತಿದ್ದ ವ್ಯಾಪಾರಿಗಳಲ್ಲಿ 10 ಮಂದಿ ಮರಳಲಿಲ್ಲ. ಈ ದಾರಿಯಲ್ಲಿ ಓಡಾಡುವವರೆಲ್ಲ ಹೊಟ್ಟೆಪಾಡಿನವರು, ಶಾಲೆಗೆ ಹೋಗುವವರು, ಆಸ್ಪತ್ರೆಗೆ ಹೊರಟವರು. ಅವರ ನಡುವೆ ಪಂದ್ಯ ಕಟ್ಟುವುದಕ್ಕೆ ಜಾಗವಿಲ್ಲ.

ಹಳೆಯ ಫಿಯೆಟ್ಟಿನ ಚಾಲಕರಲ್ಲಿ ಒಂದು ನಿಯಮವಿತ್ತು: ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ. ಇಳಿಜಾರಿನಲ್ಲಿ ಬ್ರೇಕನ್ನೇ ಒತ್ತುತ್ತ ಹೋದರೆ ತಿಕ್ಕಾಟದಿಂದ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಕೆಳಗಿನ ಗೇರಿನಲ್ಲಿದ್ದರೆ ಎಂಜಿನ್ನೇ ಗಾಡಿಯನ್ನು ಹಿಂದಕ್ಕೆ ಜಗ್ಗಿ ಹಿಡಿಯುತ್ತದೆ. ಇಂದಿನ ಕಾರಿಗೂ ಈ ಮಾತು ಅಷ್ಟೇ ನಿಜ.

ಪಾಲಕರು ತಿಳಿದಿರಬೇಕಾದ ಕಾನೂನಿನ ಮಾತೂ ಒಂದಿದೆ. ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡುವುದು 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅಪರಾಧ. 2019ರ ತಿದ್ದುಪಡಿಯ ನಂತರ, ಅಪ್ರಾಪ್ತ ವಯಸ್ಸಿನ ಮಕ್ಕಳು ವಾಹನ ಓಡಿಸಿ ಅಪರಾಧವೆಸಗಿದರೆ ಪಾಲಕರು ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ ವಿಧಿಸಬಹುದು. ಆ ವಾಹನದ ನೋಂದಣಿ 12 ತಿಂಗಳು ರದ್ದಾಗುತ್ತದೆ. ಮಗನಿಗೆ ಕೀಲಿ ಕೊಟ್ಟು ಹೆಮ್ಮೆಪಡುವ ಮುನ್ನ ಇದನ್ನು ನೆನೆಯುವುದು ಒಳಿತು.

ವೇಗದ ಆಸೆಗೆ ಬೇರೆ ಜಾಗಗಳಿವೆ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಇರುಂಗಾಟ್ಟುಕೋಟೆಯ ಪಥ 1990ರಲ್ಲಿ ತೆರೆಯಿತು. ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ 'ಕೆ–1000' ರ‍್ಯಾಲಿಯನ್ನು ದಶಕಗಳಿಂದ ನಡೆಸಿದೆ. ಹೆಲ್ಮೆಟ್ಟು, ಬೆಂಕಿ ನಂದಿಸುವವರು, ವೈದ್ಯರು, ಮುಚ್ಚಿದ ರಸ್ತೆ, ಇವೆಲ್ಲ ಇದ್ದರೆ ಮಾತ್ರ ಅದು ಕ್ರೀಡೆ.

ಪೆಟ್ಟಿಗೆಯಲ್ಲಿರುವ ಚರಿತ್ರೆ

ಮುಂದಿನ ರಜೆಯಲ್ಲಿ ಅಜ್ಜನ ಮನೆಗೆ ಹೋದ ವಿದ್ಯಾರ್ಥಿಗಳಿಗೆ ಒಂದು ಕೆಲಸವಿದೆ. ಮನೆಯಲ್ಲಿ ಯಾವ ಕಾಲದಲ್ಲಾದರೂ ಒಂದು ಕಾರೋ, ಜೀಪೋ, ಮೋಟಾರ್ ಸೈಕಲ್ಲೋ ಇದ್ದಿತೆ ಎಂದು ಕೇಳಿ. ಇದ್ದರೆ ಅದರ ಆರ್.ಸಿ. ಪುಸ್ತಕ ಹುಡುಕಿ. ಹಳೆಯ ಪುಸ್ತಕಗಳಲ್ಲಿ ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ, ಒಬ್ಬರಿಂದ ಒಬ್ಬರಿಗೆ ವರ್ಗವಾದ ಮಾಲೀಕರ ಹೆಸರು, ತೆರಿಗೆಯ ಮುದ್ರೆ ಎಲ್ಲ ಸಾಲಾಗಿ ಇರುತ್ತವೆ. 1956ಕ್ಕಿಂತ ಹಿಂದಿನದಾದರೆ ಅದು ಮುಂಬಯಿ ರಾಜ್ಯದ ಕಾಗದ. ಏಕೆಂದರೆ ಉತ್ತರ ಕನ್ನಡ ಆಗ ಆ ರಾಜ್ಯದಲ್ಲಿತ್ತು. ಒಂದು ಜಿಲ್ಲೆಯ ಚರಿತ್ರೆಯೂ ಆ ಮಾಸಿದ ಹಾಳೆಯಲ್ಲಿ ಅಡಗಿರುತ್ತದೆ. ಆ ಗಾಡಿ ಯಾವ ಮದುವೆಗೆ ಹೋಯಿತು, ಯಾವ ರಾತ್ರಿ ಯಾರನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಮುಟ್ಟಿಸಿತು ಎಂಬುದನ್ನು ಅಜ್ಜಿಯಿಂದ ಕೇಳಿ ಬರೆದಿಟ್ಟರೆ, ರಿಗೀನಿಯ ಕೋಟೆಗೆ ಹೋಗದೆಯೇ ಒಂದು ಸಂಗ್ರಹಾಲಯದ ಕೆಲಸ ಮಾಡಿದಂತೆ. ಗಾಡಿ ಉಳಿಯದಿದ್ದರೂ ಕಥೆ ಉಳಿಯುತ್ತದೆ.

ಹಳೆಯ ಕಾರುಗಳನ್ನು ಕಣ್ಣಾರೆ ನೋಡಬೇಕೆನ್ನುವವರು ಧರ್ಮಸ್ಥಳದಲ್ಲಿರುವ ಕಾರುಗಳ ಸಂಗ್ರಹಕ್ಕೆ, ಇಲ್ಲವೆ ಮೈಸೂರು ದಾರಿಯಲ್ಲಿ ಶ್ರೀರಂಗಪಟ್ಟಣದ ಹತ್ತಿರದ 'ಪಯಣ' ಸಂಗ್ರಹಾಲಯಕ್ಕೆ ಹೋಗಬಹುದು. ಇಡಗುಂದಿಯನ್ನು ನೋಡಲು ಟಿಕೆಟ್ಟು ಬೇಡ. ಹುಬ್ಬಳ್ಳಿಯಿಂದ ಯಲ್ಲಾಪುರದ ಮೇಲೆ ಅಂಕೋಲೆ, ಕಾರವಾರಕ್ಕೆ ಹೋಗುವ ಬಸ್ಸುಗಳು ಇದೇ ಹೆದ್ದಾರಿಯಲ್ಲಿ ಓಡುತ್ತವೆ. ಮಳೆಗಾಲ ಕಳೆದು ಹೋದರೆ ಮಾಗೋಡಿನ ಜಲಪಾತವನ್ನೂ ನೋಡಿಕೊಂಡು ಬರಬಹುದು. ಸ್ವಂತ ಗಾಡಿಯಲ್ಲಿ ಹೋಗುವವರು ಇಡಗುಂದಿಯಲ್ಲಿ ಒಂದು ಕ್ಷಣ ನಿಂತು, ಬ್ರೇಕು, ಟೈರು ನೋಡಿಕೊಂಡು, ಮಕ್ಕಳಿಗೆ ನೀರು ಕುಡಿಸಿ, ಎರಡನೆಯ ಗೇರಿಗೆ ಹಾಕಿಕೊಂಡು ಘಟ್ಟ ಇಳಿಯಲಿ. ಕಡಲು ಎಲ್ಲಿಗೂ ಓಡಿ ಹೋಗುವುದಿಲ್ಲ.